ಆರ್ಗಾನ್ ಎಷ್ಟು ಬಿಡಬೇಕು?

ಪ್ರಶ್ನೆ: ಟಿಗ್ ವೆಲ್ಡಿಂಗ್ (ಟಂಗ್‌ಸ್ಟನ್ ಕಡ್ಡಿಯಿಂದ ವಿದ್ಯುತ್ ಆರ್ಕ್ ಹೊತ್ತಿಸಿ, ಆರ್ಗಾನ್ ಗ್ಯಾಸಿನ ರಕ್ಷಣೆಯಲ್ಲಿ ಮಾಡುವ ಬೆಸುಗೆ) ಹೊಸದಾಗಿ ಕಲಿಯುತ್ತಿದ್ದೇನೆ. 2 ಎಂಎಂ ಸ್ಟೀಲ್ ತಗಡಿಗೆ ಆರ್ಗಾನ್ ನಿಮಿಷಕ್ಕೆ 18 ಲೀಟರ್‌ಗೆ ಇಟ್ಟರೂ ಬೆಸುಗೆಯಲ್ಲಿ ಸಣ್ಣ ತೂತು ಬೀಳುತ್ತವೆ, ಟಂಗ್‌ಸ್ಟನ್ ಕಪ್ಪಾಗುತ್ತದೆ. ಇನ್ನೂ ಹೆಚ್ಚಿಸಲೇ?
— ಓದುಗ, ಕೊಪ್ಪಳ

ಉತ್ತರ: ಬೇಡ, ಇಳಿಸಿ. 6ನೇ ನಂಬರ್ ಕಪ್‌ಗೆ (ಟಾರ್ಚ್ ತುದಿಯಲ್ಲಿ ಗ್ಯಾಸ್ ಹೊರಬರುವ ಬಾಯಿ) ನಿಮಿಷಕ್ಕೆ 7–8 ಲೀಟರ್ ಸಾಕು. ಅತಿಯಾದರೆ ಗ್ಯಾಸ್ ಸುಳಿಯೆದ್ದು ಹೊರಗಿನ ಗಾಳಿಯನ್ನೇ ಒಳಗೆಳೆಯುತ್ತದೆ. ತೂತು ಬೀಳುವುದು ಅದಕ್ಕೇ. ಫ್ಲೋಮೀಟರಿನ ಗುಂಡು ಯಾವ ಗೆರೆಗಿದೆ ಎಂಬುದನ್ನು ಗ್ಯಾಸ್ ಹರಿಯುತ್ತಿರುವಾಗಲೇ ನೋಡಿ. ಸಿಲಿಂಡರ್ ಒತ್ತಡದ ಮುಳ್ಳು ಬೇರೆ ಲೆಕ್ಕ.

ಟಂಗ್‌ಸ್ಟನ್ ಕಪ್ಪಾಗದಿರಲು 80 ಆಂಪ್‌ಗೆ ಪೋಸ್ಟ್‌ಫ್ಲೋ (ಆರ್ಕ್ ಆರಿದ ಮೇಲೂ ಗ್ಯಾಸ್ ಹರಿಯುವ ಸಮಯ) 8 ಸೆಕೆಂಡ್ ಇಡಿ. ಆರ್ಕ್ ಆರಿದ ಕೂಡಲೇ ಟಾರ್ಚ್ ಎತ್ತಬೇಡಿ. ನಿಮ್ಮೂರ ಬೇಸಿಗೆಯಲ್ಲಿ ಕಷ್ಟವೇ, ಆದರೂ ಫ್ಯಾನ್ ಬೆಸುಗೆಯತ್ತ ತಿರುಗಿಸಬಾರದು. ಇಷ್ಟಾದರೂ ತೂತು ನಿಲ್ಲದಿದ್ದರೆ ಪೈಪಿನ ಜಾಯಿಂಟ್‌ಗಳಿಗೆ ಸೋಪಿನ ನೀರು ಹಚ್ಚಿ. ಗುಳ್ಳೆ ಎದ್ದಲ್ಲಿ ಸೋರಿಕೆ.