ಫಿಲಿಪ್ಪೀನ್ಸ್‌ನ ಅಲೆಅಲೆ ಬಾಕು ನಿಜವಾಗ್ಲೂ 1899ರ ಯುದ್ಧದ್ದಾ?

ನೀವು ಕೇಳಿರೋದು, ಅಮೆರಿಕದಲ್ಲಿ ಯಾರದೋ ಹಳೇ ಮನೆ ಸಾಮಾನು ಮಾರುವಾಗ ಎರಡಡಿ ಉದ್ದದ ಅಲೆಅಲೆ ಬಾಕು ಸಿಕ್ತು, ಮುತ್ತಜ್ಜ 1899ರಲ್ಲಿ ಮನಿಲಾ ಹತ್ರ ಯುದ್ಧ ಮಾಡಿ ತಂದಿದ್ದು ಅಂತಾರೆ, ನಂಬಬಹುದಾ ಅಂತ.

ಎರಡಡಿ ಇದ್ರೆ ಅದು ಬಾಕು ಅಲ್ಲ ಸ್ವಾಮಿ, ಕತ್ತಿ. ದಕ್ಷಿಣ ಫಿಲಿಪ್ಪೀನ್ಸ್‌ನ ಮುಸ್ಲಿಮರಾದ ಮೋರೋ ಜನರ ಕ್ರಿಸ್, ಅವರ ಕಡೆ ಕಲಿಸ್ ಅಂತಾನೂ ಅಂತಾರೆ. ಇದೇ ಥರದ ಹೆಸರಿನ ಜಾವಾದ ಬಾಕು ಕೆರಿಸ್ ಚುಚ್ಚೋಕೆ, ಇದು ಅಗಲ, ಬೀಸಿ ಕಡಿಯೋಕೆ. ಮೋರೋಗಳ ಬಾಕು ಅಂದ್ರೆ ಗುನೋಂಗ್, ಅದೇ ಕ್ರಿಸ್‌ನ ಮರಿ ಥರ, ಸೊಂಟದ ಪಟ್ಟಿಗೆ ಹಿಂದ್ಗಡೆ ಸಿಕ್ಕಿಸ್ಕೊಳ್ತಿದ್ರು.

ಇನ್ನು ಮನಿಲಾ ಕಥೆ. 1899ರಲ್ಲಿ ಅಲ್ಲಿ ಅಮೆರಿಕನ್ನರ ವಿರುದ್ಧ ನಿಂತಿದ್ದು ಫಿಲಿಪ್ಪೀನ್ಸ್ ಸ್ವಾತಂತ್ರ್ಯ ಹೋರಾಟದ ನಾಯಕ ಅಗಿನಾಲ್ಡೋ ಸೈನ್ಯ, ಅವರ ಕೈಲಿ ಇರ್ತಿದ್ದಿದ್ದು ಬೋಲೋ, ನಮ್ಮ ಮಚ್ಚಿನ ಥರದ್ದು. ಕ್ರಿಸ್ ದಕ್ಷಿಣದ್ದು, ಮಿಂಡನಾವೋ, ಸುಲು ಕಡೆ. ಯುದ್ಧ ಮುಗೀತು ಅಂತ ಅಮೆರಿಕ 1902ರಲ್ಲಿ ಹೇಳಿದ್ರೂ ಅಲ್ಲಿ ಕಾಳಗ ನಿಲ್ಲಲೇ ಇಲ್ಲ, 1906ರಲ್ಲಿ ಬುಡ್ ದಾಹೋ ಬೆಟ್ಟದಲ್ಲಿ, 1913ರಲ್ಲಿ ಬುಡ್ ಬಗ್ಸಾಕ್ ಬೆಟ್ಟದಲ್ಲಿ ಕಾಳಗ, ಮಧ್ಯೆ 1911ರಲ್ಲಿ ಅಮೆರಿಕದ ಜನರಲ್ ಪರ್ಶಿಂಗ್ ಮೋರೋಗಳು ಆಯುಧ ಒಪ್ಪಿಸ್ಬೇಕು ಅಂತ ಆರ್ಡರ್ ಬೇರೆ ಮಾಡಿದ. ಮುತ್ತಜ್ಜ ಸುಲು ಕಡೆಯ ಹೋಲೋ ದ್ವೀಪದಲ್ಲಿ ಇದ್ದಿದ್ರೆ ಮಾತು ಬೇರೆ.

ಈಗ ಹಿಡಿ ಹತ್ರ ನೋಡಿ, ಅಲಗು ಅಗಲ ಆಗೋ ಜಾಗ. ಅಲ್ಲಿ ಅಡ್ಡಕ್ಕೆ ಒಂದು ಕಬ್ಬಿಣದ ತುಂಡು ಇರತ್ತೆ, ಗಂಗ್ಯಾ ಅಂತ ಹೆಸರು. ಹಳೇ ಕ್ರಿಸ್‌ನಲ್ಲಿ ಅದು ಬೇರೆ ತುಂಡು, ಲೆನ್ಸ್ ಹಿಡಿದ್ರೆ ಸಂದಿಯಲ್ಲಿ ಕಪ್ಪು ಗೆರೆ ಆರಪಾರ ಹೋಗಿರೋದು ಕಾಣತ್ತೆ, ಎರಡೂ ಪಕ್ಕದಲ್ಲಿ ಒಂದೇ ಜಾಗಕ್ಕೆ ಬರತ್ತೆ. ಈಚಿನವುಗಳಲ್ಲಿ ಎಲ್ಲಾ ಒಂದೇ ತುಂಡು, ನೋಡೋಕೆ ಸಂದಿ ಥರ ಕಾಣ್ಲಿ ಅಂತ ಗೆರೆ ಕೊರೆದು ಬಿಟ್ಟಿರ್ತಾರೆ. ಹಿಡಿಯ ತುದಿ ಕಾಕಟೂ ಗಿಣಿ ತಲೆ ಥರ ಇದೆ ಅಂತ ಖುಷಿ ಪಡ್ಬೇಡಿ, ಟೂರಿಸ್ಟ್‌ಗೆ ಮಾಡಿದ್ದರಲ್ಲೂ ಅದು ಇರತ್ತೆ.

ಕೆತ್ತಿರೋ ಇಸವಿನಂತೂ ನಂಬ್ಲೇಬೇಡಿ. ನಾನೂ ಒಂದ್ಸಲ ತ್ರಿಕೋನ, ಸೂರ್ಯ, ಕೆ ಕೆ ಕೆ ಅಂತೆಲ್ಲ ಕೊರೆದಿದ್ದ ಕೊಂಬಿನ ಹಿಡಿ ಬಾಕು ಆನ್‌ಲೈನ್‌ನಲ್ಲಿ ತಗೊಂಡೆ, ಸ್ಪೇನ್ ವಿರುದ್ಧ ಎದ್ದ ಕಟಿಪುನಾನ್ ಸಂಘದ ಕ್ರಾಂತಿಕಾರರದ್ದು ಅಂತ (ಕೆ ಕೆ ಕೆ ಅದೇ ಸಂಘದ ಗುರುತು). ಮನೇಲಿ ಲೆನ್ಸ್ ಹಿಡಿದ್ರೆ ಸುತ್ತ ಎಲ್ಲಾ ತುಕ್ಕು, ಅಕ್ಷರದ ಒಳಗೆ ಮಾತ್ರ ಹೊಸ ಸ್ಟೀಲ್ ಪಳಪಳ. ತುಕ್ಕಿನ ಮೇಲೇ ಕೊರೆದಿದ್ದಾನೆ ಪುಣ್ಯಾತ್ಮ! ಈಗ ಪಾರ್ಸೆಲ್ ಟೇಪ್ ಕಟ್ ಮಾಡೋಕೆ ಇಟ್ಕೊಂಡಿದೀನಿ.

ಗಂಗ್ಯಾ ಜಾಗದ ಫೋಟೋ ಎರಡೂ ಕಡೆಯದು ಹಾಕಿ, ಹೇಳ್ತೀನಿ. ಅಲ್ಲೀವರೆಗೂ ಸ್ಯಾಂಡ್‌ಪೇಪರ್ ಮುಟ್ಟಿಸ್ಬೇಡಿ, ಸ್ವಲ್ಪ ಎಣ್ಣೆ ಒರೆಸಿಡಿ ಸಾಕು.