ಈಜುಕೊಳದ ತಳಕ್ಕೆ ಕಂದು ಕಲೆ ಹಿಡಿದಿದೆ, ಆಸಿಡ್ ಹಾಕಿ ತೊಳೆಸಬೇಕಾ?

ಸಕಲೇಶಪುರದ ಹತ್ತಿರ ತೋಟದ ಮನೆ, ಸುಮಾರು 40,000 ಲೀಟರಿನ ಟೈಲ್ಸ್ ಕೊಳ, ಬೋರ್‌ವೆಲ್ ನೀರು. ತುಂಬಿಸಿದ ದಿನ ನೀರು ತಿಳಿಯಾಗಿತ್ತು. ಬ್ಲೀಚಿಂಗ್ ಪೌಡರ್ ಹಾಕಿದ ಮೇಲೆ ತಳಕ್ಕೂ ಮೆಟ್ಟಿಲಿಗೂ ಕಂದು ಕಲೆ ಬಂತು. ಇನ್ನಷ್ಟು ಹಾಕಿದರೆ ಕಲೆ ಇನ್ನೂ ಜಾಸ್ತಿಯಾಯಿತು. ಈಗ ಕಂಟ್ರಾಕ್ಟರ್ ಎಲ್ಲಾ ನೀರು ಖಾಲಿ ಮಾಡಿ ಆಸಿಡ್‌ನಲ್ಲಿ ತಿಕ್ಕೋಣ ಅನ್ನುತ್ತಿದ್ದಾರೆ. ಒಪ್ಪಬೇಕಾ ಅಂತ ಕೇಳಿದ್ದೀರಿ.

ಸದ್ಯಕ್ಕೆ ಒಪ್ಪಬೇಡಿ. ನಾನು ಚಿಕ್ಕಮಗಳೂರು, ಆಲ್ದೂರು, ಮೂಡಿಗೆರೆ ಕಡೆ ಹೋಮ್‌ಸ್ಟೇ ಮತ್ತು ತೋಟದ ಮನೆಗಳ ಕೊಳ ನೋಡಿಕೊಳ್ಳುತ್ತೇನೆ. ನೀವು ಬರೆದಿರುವುದು ನಮ್ಮ ಕಡೆ ತುಂಬಾ ಸಾಮಾನ್ಯ. ಬಹುತೇಕ ಅದು ಕಬ್ಬಿಣದ ಕಲೆ. ಆದರೂ ಏನೇ ಹಾಕುವ ಮುಂಚೆ ಯಾವ ಕಲೆ ಅಂತ ಖಚಿತ ಮಾಡಿಕೊಳ್ಳಿ. ಒಂದು ಕಲೆಗೆ ಮದ್ದಾಗುವುದು ಇನ್ನೊಂದನ್ನು ಹೆಚ್ಚಿಸುತ್ತದೆ.

ಮೊದಲು ನೀರನ್ನೇ ನೋಡಿ. ಬಿಳಿ ಬಕೆಟ್‌ನಲ್ಲಿ ಬೋರಿನ ನೀರನ್ನು ನೇರವಾಗಿ ಹಿಡಿಯಿರಿ, ಟ್ಯಾಂಕಿನದು ಬೇಡ. ಒಂದೆರಡು ಚಮಚ ಲಿಕ್ವಿಡ್ ಕ್ಲೋರಿನ್ ಹಾಕಿ, ರಾತ್ರಿಯಿಡೀ ಅಲ್ಲಾಡಿಸದೆ ಬಿಡಿ. ಕಬ್ಬಿಣ ಇದ್ದರೆ ಸ್ವಲ್ಪ ಹೊತ್ತಿಗೇ ನೀರು ಹಳದಿಗೆ ತಿರುಗುತ್ತದೆ, ಆಮೇಲೆ ಹಾಲಿಲ್ಲದ ಟೀ ಬಣ್ಣಕ್ಕೆ ಬರುತ್ತದೆ. ಬೆಳಿಗ್ಗೆ ತಳದಲ್ಲಿ ತೆಳ್ಳಗೆ ಕಂದು ಗಸಿ ಕೂತಿರುತ್ತದೆ. ಬೆರಳಲ್ಲಿ ಸವರಿ ನೋಡಿ, ನುಣ್ಣಗೆ ಕಾವಿಮಣ್ಣಿನ ಹಾಗೆ ಅಂಟುತ್ತದೆ. ಭೂಮಿಯೊಳಗೆ ಗಾಳಿ ಇಲ್ಲದ ಕಡೆ ಕಬ್ಬಿಣ ನೀರಲ್ಲಿ ಕರಗಿಕೊಂಡೇ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಗಾಳಿ ತಾಗಿದರೆ, ಕ್ಲೋರಿನ್ ಬಿದ್ದರೆ ತುಕ್ಕಾಗಿ ಹೊರಗೆ ಬರುತ್ತದೆ. ಅದಕ್ಕೇ ನೀವು ಬ್ಲೀಚಿಂಗ್ ಹಾಕಿದಷ್ಟೂ ಕಲೆ ಜಾಸ್ತಿಯಾಗಿದ್ದು. ಬಾಬಾಬುಡನ್‌ಗಿರಿ ಸಾಲಿನ ಬಂಡೆಯಲ್ಲೇ ಕಬ್ಬಿಣ ಇದೆ. ಕುದುರೆಮುಖದಲ್ಲಿ 2005ರ ಕೊನೆಯವರೆಗೂ ಅದಿರು ತೆಗೆಯುತ್ತಿದ್ದರು. ಮಲೆನಾಡಿನ ಕೆಂಪು ಮಣ್ಣಿನ ಕೆಂಪೂ ಕಬ್ಬಿಣದ್ದೇ ಅಲ್ವಾ? ಲೀಟರಿಗೆ 0.3 ಮಿಲಿಗ್ರಾಂ ದಾಟಿದರೆ ಬಟ್ಟೆಗೂ ಬಚ್ಚಲಿಗೂ ಕಲೆ ಹಿಡಿಯಲು ಅಷ್ಟು ಸಾಕು.

ಈಗ ಕಲೆಯನ್ನೇ ಪರೀಕ್ಷಿಸಿ. ವಿಟಮಿನ್ ಸಿ, ಅಂದರೆ ಆಸ್ಕಾರ್ಬಿಕ್ ಆಸಿಡ್, ಬಿಳಿ ಪುಡಿಯಾಗಿ ಸಿಗುತ್ತದೆ. ಸಿಗದಿದ್ದರೆ ಮೆಡಿಕಲ್ ಶಾಪಿನ ವಿಟಮಿನ್ ಸಿ ಮಾತ್ರೆ ಕುಟ್ಟಿ ಪುಡಿ ಮಾಡಿ. ಹಳೇ ಕಾಲುಚೀಲದಲ್ಲಿ ಕಟ್ಟಿ ಮೆಟ್ಟಿಲಿನ ಕಲೆಯ ಮೇಲೆ ಒಂದು ನಿಮಿಷ ಒತ್ತಿ ಹಿಡಿಯಿರಿ. ಎತ್ತಿದಾಗ ಆ ಜಾಗ ಮಾತ್ರ ಬೆಳ್ಳಗಾಗಿದ್ದರೆ ಕಬ್ಬಿಣವೇ, ಅನುಮಾನ ಬೇಡ. ಏನೂ ಆಗದಿದ್ದರೆ ಬೇರೆ ದಿನ ಅದೇ ರೀತಿ ಕ್ಲೋರಿನ್ ಹರಳು ಇಟ್ಟು ನೋಡಿ. ಅದಕ್ಕೆ ಕಲೆ ಹೋದರೆ ಎಲೆಯದು. ಸಿಲ್ವರ್ ಓಕ್, ಹಲಸು, ಅತ್ತಿ ಎಲೆ ಬಿದ್ದು ಒಂದೆರಡು ದಿನ ತಳದಲ್ಲಿ ಕೂತರೆ ಎಲೆಯ ಅಚ್ಚೇ ಉಳಿಯುತ್ತದೆ. ಅದಕ್ಕೆ ಕ್ಲೋರಿನ್ ಏರಿಸಿ ಬ್ರಷ್ ಹಾಕಿದರೆ ಸಾಕು, ಅಷ್ಟೇ.

ನೀಲಿ ಹಸಿರು ಕಲೆಯಾದರೆ ತಾಮ್ರ. ತೋಟದ ಮನೆಯಲ್ಲಿ ಇದನ್ನು ಮರೆಯಬೇಡಿ. ಮಳೆಗಾಲಕ್ಕೆ ಮುಂಚೆ ಕಾಫಿಗೆ, ಮೆಣಸಿಗೆ, ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುತ್ತೇವಲ್ಲ, ಅದರಲ್ಲಿರುವುದು ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್. ಕೊಳದ ಪಕ್ಕ ಡ್ರಮ್ ತೊಳೆಯಬಾರದು. ಪಾಚಿಗೆ ಅಂತ ಅದೇ ಮೈಲುತುತ್ತವನ್ನು ಕೊಳಕ್ಕೆ ಹಾಕುವವರೂ ಇದ್ದಾರೆ, ದಯವಿಟ್ಟು ಬೇಡ. ತಾಮ್ರದ ಕಲೆಗೆ ವಿಟಮಿನ್ ಸಿಗಿಂತ ಸಿಟ್ರಿಕ್ ಆಸಿಡ್ ವಾಸಿ. ನೀರಿನ ಮಟ್ಟದ ಟೈಲ್ಸ್ ಮೇಲೆ ಬಿಳಿ ಪದರ ಬಂದರೆ ಅದು ಸುಣ್ಣ. ಅರಸೀಕೆರೆ ಕಡೆಯ ಗಡಸು ನೀರಿಗೆ ಅದು ಹೆಚ್ಚು, ನಿಮ್ಮದು ಅದಲ್ಲ.

ಕಬ್ಬಿಣ ಅಂತ ಗೊತ್ತಾದರೆ ನೀರು ಖಾಲಿ ಮಾಡುವುದೇ ಬೇಡ. ಕ್ಲೋರಿನ್ ಹಾಕುವುದು ನಿಲ್ಲಿಸಿ. ಬಿಸಿಲಿಗೆ ಕೆಲವು ದಿನದಲ್ಲಿ ಅದು ಸೊನ್ನೆ ಹತ್ತಿರ ಬರುತ್ತದೆ, ಟೆಸ್ಟ್ ಕಿಟ್‌ನಲ್ಲಿ ನೋಡಿ. ಕ್ಲೋರಿನ್ ಉಳಿದಿದ್ದರೆ ನೀವು ಹಾಕುವ ವಿಟಮಿನ್ ಸಿ ಕಲೆಗೆ ತಾಗುವ ಮುಂಚೆಯೇ ಅದಕ್ಕೆ ಖರ್ಚಾಗಿಬಿಡುತ್ತದೆ. ಪಿಎಚ್, ಅಂದರೆ ನೀರಿನ ಹುಳಿ-ಕ್ಷಾರದ ಅಳತೆ, 7.2ಕ್ಕೆ ಇಳಿಸಿ. ಪಾಚಿ ಬರದಂತೆ ತಾಮ್ರ ಇಲ್ಲದ ಆಲ್ಗಿಸೈಡ್ ಹಾಕಿ, ಡಬ್ಬಿ ಮೇಲೆ ಓದಿ ತೆಗೆದುಕೊಳ್ಳಿ. ಆಮೇಲೆ ಪಂಪ್ ಓಡಿಸುತ್ತಾ ಕಲೆ ಜಾಸ್ತಿ ಇರುವ ಕಡೆ ಆಸ್ಕಾರ್ಬಿಕ್ ಆಸಿಡ್ ಪುಡಿ ಎರಚಿ. ನಿಮ್ಮ ಕೊಳಕ್ಕೆ ಅರ್ಧ ಕಿಲೋ ಹತ್ತಿರ ಬೇಕಾಗುತ್ತದೆ. ಎಷ್ಟೋ ಸಲ ಸಂಜೆಯೊಳಗೇ ಮೆಟ್ಟಿಲು ಬೆಳ್ಳಗಾಗಿರುತ್ತದೆ.

ಎಲ್ಲರೂ ಕೆಲಸ ಮುಗಿಯಿತು ಅಂದುಕೊಳ್ಳುವುದು ಇಲ್ಲೇ. ಕಬ್ಬಿಣ ಎಲ್ಲೂ ಹೋಗಿಲ್ಲ, ಟೈಲ್ಸ್ ಬಿಟ್ಟು ನೀರಿಗೆ ಇಳಿದಿದೆ. ಖುಷಿಗೆ ಮಾರನೇ ದಿನ ಬ್ಲೀಚಿಂಗ್ ಸುರಿದರೆ ಕಲೆ ಪೂರ್ತಿ ವಾಪಸ್. ಅದಕ್ಕೆ ಕಲೆ ಬಿಟ್ಟ ತಕ್ಷಣ ಲೋಹವನ್ನು ನೀರಲ್ಲೇ ಹಿಡಿದಿಡುವ ಸೀಕ್ವೆಸ್ಟ್ರೆಂಟ್ ಹಾಕಬೇಕು. ಎಚ್‌ಇಡಿಪಿ ಅನ್ನುವ ರಾಸಾಯನಿಕ ಇರುವಂಥದ್ದು ಒಳ್ಳೆಯದು. ಅದೂ ನಿಧಾನಕ್ಕೆ ಒಡೆದು ಹೋಗುತ್ತದೆ, ಆಗಾಗ ಮತ್ತೆ ಹಾಕುತ್ತಿರಬೇಕು. ಒಂದು ದಿನ ಬಿಟ್ಟು ಲಿಕ್ವಿಡ್ ಕ್ಲೋರಿನ್ ಸ್ವಲ್ಪ ಸ್ವಲ್ಪವೇ ಶುರು ಮಾಡಿ. ಮೊದಮೊದಲು ಹಾಕಿದ್ದು ನಿಲ್ಲುವುದಿಲ್ಲ, ಉಳಿದ ವಿಟಮಿನ್ ಸಿ ತಿಂದುಹಾಕುತ್ತದೆ. ಗಾಬರಿಯಾಗಿ ಒಟ್ಟಿಗೆ ಸುರಿಯಬೇಡಿ. ಎರಡು ವಾರ ಪಿಎಚ್ 7.4 ದಾಟದಂತೆ ನೋಡಿಕೊಳ್ಳಿ. ಕ್ಲೋರಿನ್ ಸರಿಯಾದ ಮಟ್ಟಕ್ಕೆ ಬರುವವರೆಗೆ ಮಕ್ಕಳನ್ನು ಇಳಿಸಬೇಡಿ.

ಇನ್ನು ಮುಂದೆ ಕೊಳಕ್ಕೆ ಯಾವ ನೀರು ಬಿಡುತ್ತೀರಿ ಅನ್ನುವುದು ಮುಖ್ಯ. ಬೋರಿನ ನೀರೇ ಬೇಕೆಂದರೆ ಅದನ್ನು ಮೊದಲು ಒಂದು ಟ್ಯಾಂಕಿಗೆ ಎತ್ತರದಿಂದ ಶವರ್ ಹಾಗೆ ಬೀಳಿಸಿ. ಗಾಳಿ ತಾಗಿ ಕಬ್ಬಿಣ ಅಲ್ಲೇ ಗಸಿಯಾಗಲಿ. ಒಂದೆರಡು ದಿನ ಬಿಟ್ಟು ಮೇಲಿನ ತಿಳಿಯನ್ನು ಮರಳಿನ ಫಿಲ್ಟರ್ ದಾಟಿಸಿ ಕೊಳಕ್ಕೆ ಬಿಡಿ. ಆದರೆ ನಿಮ್ಮ ಊರಲ್ಲಿ ಬೀಳುವ ಮಳೆಗೆ ಇಷ್ಟು ಕಷ್ಟ ಯಾಕೆ? ಹೆಂಚಿನ ಮಾಡಿನ ನೀರು ಹಿಡಿಯಿರಿ. ಮೊದಲ ಮಳೆಯ ಕೊಳೆ ಹೊರಗೆ ಹೋಗಲಿ, ಆಮೇಲಿನದರಲ್ಲಿ ಕಬ್ಬಿಣವೇ ಇರುವುದಿಲ್ಲ. ತುಕ್ಕು ಹಿಡಿದ ಶೀಟಿನ ಮಾಡಾದರೆ ಮಾತ್ರ ಬೇಡ. ಜೂನ್‌ನಿಂದ ಸ್ವಲ್ಪ ಸ್ವಲ್ಪ ಹಳೇ ನೀರು ಬಿಟ್ಟು ಮಳೆನೀರು ತುಂಬಿಸುತ್ತಾ ಹೋದರೆ ಕೊಳದಲ್ಲಿರುವ ಕಬ್ಬಿಣವೂ ಹೊರಗೆ ಹೋಗುತ್ತದೆ. ನಾನು ನೋಡಿರುವ ಉಪಾಯಗಳಲ್ಲಿ ಇದೇ ಗಟ್ಟಿ. ಒಂದೇ ವಿಷಯ, ಮಳೆನೀರು ತೀರಾ ಮೆದು. ಟೈಲ್ಸ್ ಸಂದಿನ ಸಿಮೆಂಟನ್ನು ತಿನ್ನದಂತೆ ಅಡಿಗೆ ಸೋಡಾ ಹಾಕಿ ಆಲ್ಕಲಿನಿಟಿಯನ್ನು, ಅಂದರೆ ಹುಳಿಯನ್ನು ತಡೆಯುವ ನೀರಿನ ಶಕ್ತಿಯನ್ನು, ಲೀಟರಿಗೆ 80ರಿಂದ 120 ಮಿಲಿಗ್ರಾಂ ಒಳಗೆ ಇಡಿ. ಕ್ಯಾಲ್ಸಿಯಂ ಗಡಸುತನವನ್ನೂ ಪರೀಕ್ಷಿಸಿ.

ಕಂಟ್ರಾಕ್ಟರ್ ಹೇಳಿದ ಆಸಿಡ್ ವಿಷಯ. ಹೈಡ್ರೋಕ್ಲೋರಿಕ್ ಆಸಿಡ್ ಕಲೆ ತೆಗೆಯುತ್ತದೆ ನಿಜ. ಜೊತೆಗೆ ಟೈಲ್ಸ್ ಸಂದಿನ ಸಿಮೆಂಟನ್ನೂ ಕರಗಿಸುತ್ತದೆ. ಒರಟಾದ ಜಾಗಕ್ಕೆ ಮುಂದಿನ ಸಲ ಕಲೆ ಇನ್ನೂ ಬೇಗ ಹಿಡಿಯುತ್ತದೆ, ಆಮೇಲೆ ತುಂಬಿಸುವುದು ಅದೇ ಬೋರಿನ ನೀರು. ಬ್ಲೀಚಿಂಗ್ ಪೌಡರ್ ಇರುವ ಕಡೆ ಆಸಿಡ್ ಬಿದ್ದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ. ಖಾಲಿ ಕೊಳದ ತಳದಲ್ಲಿ ಬಗ್ಗಿ ತಿಕ್ಕುವ ಆಳಿಗೆ ಅದು ಪ್ರಾಣಕ್ಕೇ ಅಪಾಯ. ಮಳೆಗಾಲದಲ್ಲಂತೂ ಕೊಳ ಖಾಲಿ ಮಾಡಲೇಬಾರದು. ಸುತ್ತ ಮಣ್ಣು ನೀರು ಕುಡಿದು ನಿಂತಿರುತ್ತದೆ, ಒಳಗೆ ಭಾರ ಇಲ್ಲದಿದ್ದರೆ ಆ ನೀರು ಕೊಳವನ್ನೇ ಕೆಳಗಿನಿಂದ ಎತ್ತಿ ಸೀಳುತ್ತದೆ.

ಕಂಟ್ರಾಕ್ಟರನ್ನು ಕರೆಯಲೇಬೇಕಾದ ಒಂದು ಸಂದರ್ಭ ಇದೆ. ಕಲೆ ಎಲ್ಲಾ ಹೋದ ಮೇಲೂ ಒಂದೇ ಜಾಗದಲ್ಲಿ, ನಾಣ್ಯದಷ್ಟು ದೊಡ್ಡ ಕಂದು ಚುಕ್ಕೆ ಮತ್ತೆ ಮತ್ತೆ ಬರುತ್ತಿದ್ದರೆ ಅದು ನೀರಿನದ್ದಲ್ಲ. ಒಳಗಿನ ಕಂಬಿಯೋ ಕಟ್ಟು ತಂತಿಯೋ ತುಕ್ಕು ಹಿಡಿದು ಸಂದಿನಿಂದ ಹೊರಗೆ ಬರುತ್ತಿದೆ. ಯಾವ ಪುಡಿಯೂ ಅದಕ್ಕೆ ನಾಟುವುದಿಲ್ಲ. ಮಳೆ ಮುಗಿದು ನೆಲ ಒಣಗಿದ ಮೇಲೆ, ಜನವರಿ ಫೆಬ್ರವರಿಯಲ್ಲಿ, ನೀರು ಇಳಿಸಿ ಆ ಟೈಲ್ಸ್ ಎಬ್ಬಿಸಿ, ತಂತಿ ಕತ್ತರಿಸಿ, ವಾಟರ್‌ಪ್ರೂಫಿಂಗ್ ಮಾಡಿ ಮುಚ್ಚಿಸಿ.