31ನೇ ಪುಟದಲ್ಲಿ ನಿಮ್ಮ ಕಾದಂಬರಿ ಇದೆ

ನಮಸ್ಕಾರ. ನೀವು ಕಳಿಸಿದ ಮೂರು ಅಧ್ಯಾಯ ಎರಡು ಸಲ ಓದಿದೆ, ಮೊದಲ್ನೇ ಸಲ ಸುಮ್ನೆ, ಎರಡ್ನೇ ಸಲ ಪೆನ್ಸಿಲ್ ಹಿಡ್ಕೊಂಡು. ಈಗಿರೋ ಹಾಗೆ ನಮ್ಮ ಪತ್ರಿಕೇಲಿ ಹಾಕೋಕಾಗಲ್ಲ. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಒಂದು ಪುಟ ಹೊಗಳಿ ಕೊನೇ ಸಾಲಲ್ಲಿ ಇಲ್ಲ ಅನ್ನೋ ಪತ್ರಗಳು ನಂಗೂ ಬಂದಿದ್ವು, ಅವುಗಳಿಂದ ನಾನು ಏನೂ ಕಲೀಲಿಲ್ಲ.

ಕಥೆ ಗಟ್ಟಿ ಇದೆ. ನೌಕಾನೆಲೆಗೆ ಊರು ಬಿಟ್ಟುಕೊಟ್ಟ ಖಾರ್ವಿ ಮೀನುಗಾರರ ಕುಟುಂಬ, ಅಂಕೋಲಾ ಪೇಟೇಲಿ ಮೀನು ಮಾರೋ ತಾಯಿ, ಟ್ರಾಲರಿಗೆ ಹೋಗೋ ಅಣ್ಣ, ಕಾಲೇಜಿಗೆ ಅಂತ ಘಟ್ಟ ಹತ್ತಿ ಶಿರಸಿಗೆ ಬರೋ ಮಗಳು. ಆ ಮಗಳೇ ಕಥೆ ಹೇಳ್ತಾಳೆ. ಆದ್ರೆ ಮೊದಲ್ನೇ ಪುಟದಲ್ಲೇ ಅವಳು ಕಾರವಾರದ ಬೀಚಲ್ಲಿ ನಿಂತು ಬಂಗಾರದ ಮರಳು, ನೀಲಿ ಕಡಲು, ಸಾಲುಸಾಲು ಗಾಳಿಮರ ಅಂತ ವರ್ಣನೆ ಮಾಡ್ತಾಳೆ. ಅಲ್ಲೇ ಹುಟ್ಟಿದ ಹುಡುಗಿ ಮಾರಾಯ್ರೆ, ಅವಳಿಗೆ ಮರಳು ಬಂಗಾರ ಯಾಕೆ ಕಾಣತ್ತೆ? ಅದು ರಜೆಗೆ ಬಂದು ರೂಮ್ ಮಾಡಿ ಎರಡು ದಿನ ಇದ್ದು ಹೋಗೋರ ಕಣ್ಣು. ಅವಳು ಬೆಳಗ್ಗೆ ಎದ್ದ ಕೂಡ್ಲೇ ನೋಡೋದು ಬೋಟು ಬಂತಾ, ಬಂಗಡೆ ಬಂತಾ ಬರೀ ತಾರ್ಲೆನಾ, ಅಮ್ಮನ ಬುಟ್ಟಿ ಇವತ್ತು ತುಂಬತ್ತಾ ಅನ್ನೋದನ್ನ.

ನಮ್ಮನೆ ಉದಾಹರಣೆ ಕೊಡ್ತೀನಿ. ನಮ್ದು ಅಡಿಕೆ ತೋಟ. ಕಾಲೇಜು ದಿನಗಳಲ್ಲಿ ನಾನು ಮಲೆನಾಡಿನ ಮಳೆ ಬಗ್ಗೆ ಪುಟಗಟ್ಟಲೆ ಬರೀತಿದ್ದೆ, ಜಿಟಿಜಿಟಿ, ಧೋ ಧೋ, ಎಲ್ಲಾ ಇತ್ತು. ಅದೇ ಮಳೇಲಿ ಅಮ್ಮ ಜಗಲಿ ಮೇಲೆ ಕೂತು ಒಂದೇ ಮಾತು ಹೇಳ್ತಿದ್ರು, ಇನ್ನೆರಡು ದಿನ ಹೊಳವಾಗದಿದ್ರೆ ಕೊಳೆ ಬರ್ತದೆ ಅಂತ. ಹೊಳವು ಅಂದ್ರೆ ಮಳೆ ಬಿಡೋದು, ಕೊಳೆ ಅಂದ್ರೆ ಮಳೇಲಿ ಅಡಿಕೆ ಕಾಯಿ ಕೊಳೆತು ಉದುರೋ ರೋಗ. ಮಳೆಗೆ ಮುಂಚೆ ಒಂದು ಸಲ ಔಷಧಿ ಹೊಡೆದಾಗಿದೆ, ಮೈಲುತುತ್ತ ಒಂದು ಕೆಜಿ, ಸುಣ್ಣ ಒಂದು ಕೆಜಿ, ನೂರು ಲೀಟರ್ ನೀರು, ಎರಡನೇ ಸಲ ಹೊಡೆಯೋ ಟೈಮ್ ಬಂದಿದೆ, ಮಳೆ ಬಿಡ್ತಿಲ್ಲ, ಒದ್ದೆ ಮರ ಹತ್ತೋಕೆ ಕೊನೆಗೌಡ, ಅಂದ್ರೆ ಅಡಿಕೆ ಮರ ಹತ್ತೋ ಆಳು, ಒಪ್ತಿಲ್ಲ, ಕೆಳಗೆ ಎಳೇ ಕಾಯಿ ಉದುರ್ತಾ ಇದೆ. ಅಮ್ಮನ ಆ ಒಂದು ಮಾತಲ್ಲಿ ಮಳೆ, ತೋಟ, ಸೊಸೈಟಿ ಸಾಲ, ತಂಗಿ ಮದುವೆ ಎಲ್ಲಾ ಇತ್ತು. ನಂಗೆ ಇದು ಗೊತ್ತಾಗೋಕೆ ಹತ್ತು ವರ್ಷ ಬೇಕಾಯ್ತು, ನಿಮಗೆ ಅಷ್ಟು ಹಿಡೀಬಾರ್ದು ಅಂತ ಈ ಪತ್ರ ಉದ್ದ ಬರೀತಿದೀನಿ.

ಈಗ ಎರಡನೇ ಅಧ್ಯಾಯ. ಜುಲೈ ತಿಂಗಳು, ರಾತ್ರಿ, ಬಿರುಗಾಳಿ, ಅಣ್ಣನ ಟ್ರಾಲರ್ ಕಡಲಲ್ಲಿ ಸಿಕ್ಕಿಹಾಕ್ಕೊಳ್ಳತ್ತೆ. ಇದು ಆಗೋ ಮಾತಲ್ಲ. ನಮ್ಮ ಕರಾವಳೀಲಿ ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ಬೋಟುಗಳಿಗೆ ನಿಷೇಧ, ಟ್ರಾಲರ್ ಎಲ್ಲಾ ಬಂದರಲ್ಲಿ ಕಟ್ಟಿರ್ತವೆ. ಅಂಕೋಲಾದ ಯಾವ ಓದುಗನೂ ಆ ಪುಟ ದಾಟಿ ಮುಂದೆ ಬರಲ್ಲ. ತಿಂಗಳು ಬದಲಾಯಿಸಿದ್ರೆ ಮುಗೀತಲ್ಲ ಅಂತೀರೇನೋ, ಆದ್ರೆ ನಂಗೆ ಅನ್ಸೋದು, ಬದಲಾಯಿಸಬೇಡಿ, ಜುಲೈನೇ ಇರ್ಲಿ, ಅಣ್ಣ ಮನೇಲಿರ್ಲಿ. ಎರಡು ತಿಂಗಳು ದುಡಿಮೆ ಇಲ್ಲ, ಬಲೆ ರಿಪೇರಿ ಮಾಡ್ತಾ ಬಾಗಿಲಲ್ಲಿ ಕೂತಿದಾನೆ, ಅಮ್ಮನ ಬುಟ್ಟೀಲಿ ಒಣಮೀನು ಮಾತ್ರ, ತಂಗಿ ಕಾಲೇಜು ಫೀಸ್ ಕಟ್ಟೋದೂ ಅದೇ ಹೊತ್ತಿಗೆ. ಅವನು ಬೋಟಿನ ಯಜಮಾನನ ಹತ್ರ ಅಡ್ವಾನ್ಸ್ ಕೇಳೋಕೆ ಹೋಗೋ ದೃಶ್ಯ ಬರೀರಿ, ಆ ಬಿರುಗಾಳಿಗಿಂತ ಭಯ ಆಗತ್ತೆ ಓದೋಕೆ.

ಮಾತಿನ ವಿಷಯ. ನಿಮ್ಮಲ್ಲಿ ಎಲ್ರೂ ಟಿವಿ ಸೀರಿಯಲ್ ಕನ್ನಡ ಮಾತಾಡ್ತಾರೆ, ಶಿರಸಿಯ ಹೆಗಡೆ ಮಾಸ್ತರ್ರು ಮಾತ್ರ ವಾಕ್ಯಕ್ಕೊಂದು ‘ಎಂತ’ ಸೇರಿಸ್ತಾರೆ. ಒಗ್ಗರಣೆಗೆ ಸಾಸಿವೆ ಹಾಕಿದ ಹಾಗೆ ಭಾಷೆ ಹಾಕೋದು ಬೇಡ. ಅಂಥ ಮಾಸ್ತರ್ರು ಕ್ಲಾಸಲ್ಲಿ ಶುದ್ಧ ಪುಸ್ತಕದ ಕನ್ನಡಾನೇ ಮಾತಾಡ್ತಾರೆ, ಮನೆಗೆ ಬಂದು ಹೆಂಡ್ತಿ ಏನೋ ಕೇಳಿದಾಗ ಹವ್ಯಕರ ಮನೆಮಾತಲ್ಲಿ ‘ಯಂಗೆ ಗೊತ್ತಿಲ್ಲೆ’ ಅಂತಾರೆ. ಎಲ್ಲಿ ಯಾವ್ದು ಬಾಯಿಗೆ ಬರತ್ತೆ, ಎಲ್ಲಿ ಅದನ್ನ ಅಡಗಿಸ್ತಾರೆ, ಅದನ್ನ ಹಿಡೀರಿ ಸಾಕು.

ಸೀಬರ್ಡ್ ಬಗ್ಗೆ, ಅಂದ್ರೆ ಆ ನೌಕಾನೆಲೆ ಯೋಜನೆ ಬಗ್ಗೆ, ಒಂದಿಡೀ ಪುಟ ಕೊಟ್ಟಿದೀರಿ, 1986ರಲ್ಲಿ ಅಡಿಗಲ್ಲು, 2005ರಲ್ಲಿ ಕದಂಬ ನೌಕಾನೆಲೆ ಶುರು, ಪರಿಹಾರಕ್ಕೆ ಕೋರ್ಟು ಕಚೇರಿ ಅಲೆದಾಟ. ಎಲ್ಲಾ ಸರಿ ಇದೆ, ಆದ್ರೆ ಅಲ್ಲಿ ನಿಮ್ಮ ಹುಡುಗಿ ದನಿ ನಿಂತು ಪೇಪರ್ ವರದಿ ಶುರುವಾಗತ್ತೆ. ಅದೇ ಅಧ್ಯಾಯದ ಕೊನೇಲಿ ನೀವೇ ಬರೆದಿದೀರಿ, ಪುನರ್ವಸತಿ ಕಾಲೋನಿ ಮನೆ ಅಂಗಳದಲ್ಲಿ ಅಪ್ಪಂಗೆ ಬಲೆ ಹರವೋಕೆ ಜಾಗ ಸಾಲಲ್ಲ, ರಸ್ತೇಲಿ ಹರವ್ತಾನೆ, ಬೈಕು ಬಂದಾಗೆಲ್ಲ ಎದ್ದು ಮಡಚ್ತಾನೆ. ಅವನಪ್ಪ ರಾಂಪಣಿ ಎಳೆದವನು, ಊರಿಗೂರೇ ಸೇರಿ ದಡದಿಂದ ಎಳೆಯೋ ಬಲೆ ಅದು, ಮರಳು ದಂಡೆ ಪೂರ್ತಿ ಬೇಕು. ಆ ಒಂದು ಪ್ಯಾರಾ ಇಟ್ಕೊಂಡು ವರದಿ ಪುಟ ತೆಗೆದುಬಿಡಿ, ಇಸವಿ ಬೇಕಿದ್ರೆ ಅಪ್ಪನ ಬಾಯಲ್ಲಿ ಬರ್ಲಿ, ಅಡಿಗಲ್ಲು ಹಾಕಿದ ವರ್ಷ ನೀನು ಹುಟ್ಟಿರ್ಲಿಲ್ಲ ಅಂತ.

ಇನ್ನು 31ನೇ ಪುಟ. ಅಮ್ಮ ಗಿರಾಕಿ ಜೊತೆ ಕನ್ನಡದಲ್ಲಿ ಚೌಕಾಶಿ ಮಾಡ್ತಾಳೆ, ಬಂಗಡೆ ಕಿವಿರು ಎತ್ತಿ ಕೆಂಪು ತೋರಿಸ್ತಾಳೆ, ಮಗಳಿಗೆ ಶಾಲೇಲಿ ಕಲಿಸಿದ ಕನ್ನಡವೇ ಮಾತಾಡು ಅಂತ ಬೈತಾಳೆ, ಆದ್ರೆ ಸಂಜೆ ಸೆರಗಿನ ಗಂಟು ಬಿಚ್ಚಿ ದುಡ್ಡು ಎಣಿಸೋವಾಗ ಮಾತ್ರ ಏಕ್, ದೋನ್, ತೀನ್ ಅಂತ ಕೊಂಕಣಿ, ಅದೂ ತುಟಿ ಅಲ್ಲಾಡದ ಹಾಗೆ. ಇದನ್ನ ಎರಡೇ ಸಾಲಲ್ಲಿ ಮುಗಿಸಿ ಓಡಿಹೋಗಿದೀರಿ. ನಾನು ಅಲ್ಲಿ ಪುಸ್ತಕ ಮಡಚಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತೆ. ಇದು ಯಾರಿಗೂ ಹೊರಗಿಂದ ಕಾಣೋದಲ್ಲ, ಪಕ್ಕದಲ್ಲಿ ಕೂತ ಮಗಳಿಗಷ್ಟೇ ಕೇಳ್ಸೋದು. ಇಡೀ ಕಾದಂಬರಿಗೆ ಬೇಕಾದ ದನಿ ಆ ಎರಡು ಸಾಲಲ್ಲಿದೆ.

ಪತ್ರದಲ್ಲಿ ಕೇಳಿದ್ರಲ್ಲ, ಬೆಂಗಳೂರಲ್ಲಿ ಕೆಲಸ, ಊರು ಬಿಟ್ಟು ಎಂಟು ವರ್ಷ, ಊರಿನ ಬಗ್ಗೆ ಬರೆಯೋ ಹಕ್ಕು ಇದೆಯಾ ಅಂತ. ಕಥೆಗಾರ ಯಶವಂತ ಚಿತ್ತಾಲರು 1928ರಲ್ಲಿ ಹುಟ್ಟಿದ್ದು ನಿಮ್ಮ ಹತ್ತಿರದ ಹನೇಹಳ್ಳೀಲಿ, ಬದುಕಿನ ಬಹುಪಾಲು ಕಳೆದದ್ದು ಮುಂಬಯೀಲಿ, ಆದ್ರೂ ಹನೇಹಳ್ಳಿ ಅವರ ಕಥೆಗಳಿಗೆ ಮತ್ತೆ ಮತ್ತೆ ಬರ್ತಾನೇ ಇತ್ತು. ದೂರ ಇದ್ದಿದ್ದಕ್ಕೆ ಹೆದರಬೇಡಿ, ಫೋನ್ ಮಾಡಿ ಅಮ್ಮನ್ನ ಇವತ್ತು ಏನು ಮೀನು ಬಂತು ಅಂತ ಕೇಳಿ, ಅವ್ರು ಹೇಗೆ ಹೇಳ್ತಾರೋ ಹಾಗೇ ಬರ್ಕೊಳ್ಳಿ.

ಪೂರ್ತಿ ಕಾದಂಬರಿ ಈಗ ಬೇಡ. 31ನೇ ಪುಟ ಒಂದನ್ನೇ ಹತ್ತು ಪುಟ ಮಾಡಿ ಕಳಿಸಿ. ಚೌತಿಗೆ ಊರಿಗೆ ಬರ್ತೀರಿ ಅಂದಿದೀರಿ, ಒಂದಿನ ಶಿರಸಿಗೂ ಬನ್ನಿ, ಪೆನ್ಸಿಲ್ ಗುರುತು ಹಾಕಿದ ನಿಮ್ಮ ಪ್ರತಿ ನನ್ನ ಟೇಬಲ್ ಮೇಲೆ ಇರತ್ತೆ, ಕೂತು ಸಾಲು ಸಾಲಾಗಿ ನೋಡೋಣ.